ಹನಗೋಡಿನಲ್ಲಿ ಎಂಟು ಗುಂಡಿ

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕದಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಬರುತ್ತೆ. ಉದ್ದನೆಯ ಒಂದು ಕಂಬ, ಅದರ ಬುಡದಲ್ಲಿ ಒಂದು ಅಡ್ಡಗೆರೆ, ಆ ಗೆರೆಯ ಕೆಳಗೆ ಐದಾರು ಓರೆ ಗೆರೆ. ಪಕ್ಕದಲ್ಲಿ ‘ಫಿಕ್ಸೆಡ್’ ಅಂತ ಬರೆದಿರುತ್ತೆ, ಅಷ್ಟೇ. ಆಮೇಲೆ ಮೊಮೆಂಟು, ಡಿಫ್ಲೆಕ್ಷನ್ನು ಅಂತ ನಾವೆಲ್ಲ ಮೇಲಿನ ಲೆಕ್ಕಕ್ಕೆ ಹೋಗಿಬಿಡ್ತೀವಿ. ಆ ಓರೆ ಗೆರೆಗಳನ್ನು ಎಳೆಯೋಕೆ ಪೆನ್ಸಿಲ್ಲಿಗೆ ಎರಡು ಸೆಕೆಂಡು ಸಾಕು. ನಿಜವಾದ ನೆಲದಲ್ಲಿ ಅದೇ ಕೆಲಸಕ್ಕೆ ನಾಲ್ಕು ಜನ ಸೇರಿ ಮೂರು ದಿನ ದುಡಿದೆವು. ಕಂಬವನ್ನು ‘ಫಿಕ್ಸ್’ ಮಾಡೋದು ಯಾರು, ಹೇಗೆ ಅನ್ನೋದೇ ಈ ಲೇಖನದ ವಿಷಯ. ಗುಂಡಿ ತೋಡೋದರಲ್ಲಿ ಬರೆಯೋಕೆ ಏನಿದೆ ಅನ್ನೋರು ಇನ್ನೆರಡು ಪ್ಯಾರಾ ತಾಳ್ಮೆ ಇಟ್ಟುಕೊಳ್ಳಿ.

ಜಾಗ ಹನಗೋಡಿನ ಹತ್ತಿರ. ಹುಣಸೂರು ತಾಲ್ಲೂಕಿನ ಹೋಬಳಿ ಕೇಂದ್ರ ಇದು. ಲಕ್ಷ್ಮಣತೀರ್ಥ ನದಿಗೆ ಇಲ್ಲಿ ಅಣೆಕಟ್ಟೆ ಇದೆ, ಅಲ್ಲಿಂದ ಹೊರಟ ನಾಲೆ ಗದ್ದೆಗಳಿಗೆ ನೀರು ಕೊಡುತ್ತೆ. ಇನ್ನೊಂದು ಕಡೆ ವೀರನಹೊಸಹಳ್ಳಿ, ನಾಗರಹೊಳೆ ಕಾಡು. ಮಧ್ಯದ ಹೊಲಗಳಲ್ಲಿ ಹೊಗೆಸೊಪ್ಪು. ಈ ಕಡೆ ಊರುಗಳಲ್ಲಿ ಮನೆ ಪಕ್ಕ ಎತ್ತರದ ಗೋಡೆಯ ‘ಬ್ಯಾರನ್’ ನೋಡಿರ್ತೀರಿ. ಸೊಪ್ಪನ್ನು ಕೋಲಿಗೆ ಕಟ್ಟಿ, ಒಳಗೆ ನೇತುಹಾಕಿ, ಸೌದೆ ಉರಿಯ ಬಿಸಿಯಲ್ಲಿ ಹದ ಮಾಡುವ ಮನೆ ಅದು. ಹದವಾದ ಸೊಪ್ಪು ಕಟ್ಟೆಮಳಲವಾಡಿ, ಚಿಲ್ಕುಂದದ ಹರಾಜು ಕಟ್ಟೆಗೆ ಹೋಗೋ ತನಕ ಒಣಗಿದ ಜಾಗದಲ್ಲಿ ಇರಬೇಕು. ಸೌದೆಯೂ ನೆನೆಯಬಾರದು. ಅದಕ್ಕೇ ಬ್ಯಾರನ್ ಪಕ್ಕ ಒಂದು ಶೆಡ್ಡು ಬೇಕೇ ಬೇಕು.

ನಮ್ಮ ಕ್ಲಾಸಿನ ಒಬ್ಬ ಗೆಳೆಯನ ಮನೆಯವರ ಶೆಡ್ಡು ಹೋದ ವರ್ಷ ಏಪ್ರಿಲ್‌ನಲ್ಲಿ, ಮುಂಗಾರಿಗೆ ಮೊದಲು ಬರುವ ಗಾಳಿಮಳೆಯಲ್ಲಿ ಹೋಯ್ತು. ಶೀಟಿನ ಚಾವಣಿ ಕಂಬಗಳ ಸಮೇತ ಎದ್ದು ಪಕ್ಕದವರ ಶುಂಠಿ ಹೊಲದಲ್ಲಿ ಬಿತ್ತು. ಸೊಪ್ಪೆಲ್ಲ ಅಷ್ಟರಲ್ಲಿ ಹರಾಜಿಗೆ ಹೋಗಿತ್ತು, ಒಳಗೆ ಹಸುವೂ ಇರಲಿಲ್ಲ, ಪುಣ್ಯಕ್ಕೆ. ಅದೇ ಗಾಳಿ ಸೊಪ್ಪು ಇದ್ದಾಗ ಬಂದಿದ್ದರೆ ಒಂದು ವರ್ಷದ ದುಡಿಮೆ ನೆನೆದು ಹೋಗ್ತಿತ್ತು. ಈ ಸಲ ಮತ್ತೆ ಶೆಡ್ಡು ಕಟ್ಟಬೇಕು, ಕೈಯಲ್ಲಿ ದುಡ್ಡು ಕಮ್ಮಿ. ಚೌಕಟ್ಟು ವೆಲ್ಡಿಂಗ್ ಮಾಡೋರಿಗೆ ಕೊಟ್ಟು, ಕಂಬ ನಿಲ್ಲಿಸುವ ಕೆಲಸ ನಾವೇ ಮಾಡೋಣ ಅಂತ ಸೆಮಿಸ್ಟರ್ ರಜೆಯಲ್ಲಿ ಹೊರಟೆವು. ಇಬ್ಬರು ಸಿವಿಲ್, ಒಬ್ಬ ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಾನಿಕ್ಸ್. ಎಲೆಕ್ಟ್ರಾನಿಕ್ಸ್‌ನವನೇ ಚೆನ್ನಾಗಿ ತೋಡಿದ ಅನ್ನೋದನ್ನು ಇಲ್ಲಿ ದಾಖಲಿಸ್ತಾ ಇದ್ದೀವಿ.

ಮೊದಲು ನೋಡಿದ್ದು ಹಳೇ ಕಂಬಗಳನ್ನು. ಒಂದೂ ಮುರಿದಿರಲಿಲ್ಲ. ಗದ್ದೆಯಿಂದ ಮೂಲಂಗಿ ಕಿತ್ತ ಹಾಗೆ ಇಡಿಯಾಗಿ ಬಂದಿದ್ದವು. ಕಂಬದ ಸುತ್ತ ಮೇಲುಗಡೆ ಮಾತ್ರ ಕಾಂಕ್ರೀಟಿನ ಒಂದು ತಟ್ಟೆ, ಅದರ ಕೆಳಗೆ ಬರೀ ಸಡಿಲ ಮಣ್ಣು. ಆಗ ಕೆಲಸ ಮಾಡಿಸಿದ ಕಾಂಟ್ರಾಕ್ಟರ್ ಜೆಸಿಬಿಯಲ್ಲಿ ಮೂರಡಿ ಅಗಲದ ಗುಂಡಿ ಮಾಡಿಸಿ, ಕಂಬ ಇಟ್ಟು, ಅದೇ ಮಣ್ಣನ್ನು ಬಕೆಟ್ಟಿನಲ್ಲಿ ವಾಪಸ್ ನೂಕಿ, ಮೇಲೆ ಎರಡು ಬಾಂಡ್ಲಿ ಕಾಂಕ್ರೀಟು ಸುರಿದು ಹೋಗಿದ್ದರಂತೆ. ನೋಡೋಕೆ ಗಟ್ಟಿಯಾಗೇ ಕಾಣ್ತಿತ್ತಂತೆ. ನೆಲದ ಮೇಲೆ ಕಾಣೋದು ಆ ತಟ್ಟೆ ಮಾತ್ರ ತಾನೇ.

ಈಗ ಲೆಕ್ಕಕ್ಕೆ ಬರೋಣ. ಶೆಡ್ಡು 20 ಅಡಿ ಅಗಲ, 30 ಅಡಿ ಉದ್ದ. ಉದ್ದದ ಕಡೆ 10 ಅಡಿಗೊಂದರಂತೆ ನಾಲ್ಕು ಕಂಬ, ಎರಡು ಸಾಲು, ಒಟ್ಟು ಎಂಟು. ಕಂಬ ಅಂದ ಕೂಡಲೇ ನಮ್ಮ ತಲೆಗೆ ಬರೋದು ‘ಭಾರ ಹೊರುತ್ತೆ’ ಅಂತ. ಶೀಟು, ಪೈಪು ಎಲ್ಲಾ ಸೇರಿ ಸುಮಾರು 700 ಕೆಜಿ ಅಂದುಕೊಳ್ಳಿ. ಎಂಟು ಕಂಬಕ್ಕೆ ಹಂಚಿದರೆ ಒಂದಕ್ಕೆ 90 ಕೆಜಿಯೂ ಇಲ್ಲ. ಒಬ್ಬ ದಪ್ಪಗಿನ ಮನುಷ್ಯ ನಿಂತ ಹಾಗೆ. ಇದಕ್ಕೆ ಗುಂಡಿಯೇ ಬೇಡ, ಒಂದು ಚಪ್ಪಡಿ ಕಲ್ಲು ಸಾಕು.

ಗಾಳಿಯ ಲೆಕ್ಕ ಬೇರೆ. ಐಎಸ್ 875ರ ಮೂರನೇ ಭಾಗದಲ್ಲಿ ಊರೂರಿಗೆ ಮೂಲ ಗಾಳಿವೇಗ ಕೊಟ್ಟಿದ್ದಾರೆ. ಮೈಸೂರಿಗೆ ಸೆಕೆಂಡಿಗೆ 33 ಮೀಟರ್. ದೇಶದ ಪಟ್ಟಿಯಲ್ಲಿ ಇದು ಕಮ್ಮಿ ಅನ್ನಬಹುದಾದ ಅಂಕಿ, ಆದರೂ ಗಂಟೆಗೆ ಹತ್ತಿರ ಹತ್ತಿರ 119 ಕಿಲೋಮೀಟರ್ ಆಯ್ತು. ಒತ್ತಡ ಬೇಕಾದರೆ ವೇಗದ ವರ್ಗವನ್ನು 0.6ರಿಂದ ಗುಣಿಸಬೇಕು. 33ರ ವರ್ಗ 1089. ಒತ್ತಡ ಚದರ ಮೀಟರಿಗೆ ಸುಮಾರು 653 ನ್ಯೂಟನ್, ನಮ್ಮ ಭಾಷೆಯಲ್ಲಿ 66 ಕೆಜಿ. ಸುತ್ತ ಗೋಡೆ ಇಲ್ಲದ ಶೆಡ್ಡಿನಲ್ಲಿ ಗಾಳಿ ಒಳಗೆ ನುಗ್ಗಿ ಕೆಳಗಿನಿಂದ ಒತ್ತುತ್ತೆ, ಚಾವಣಿಯ ಮೇಲೆ ಹಾಯುವ ಗಾಳಿ ಮೇಲಕ್ಕೆ ಹೀರುತ್ತೆ. ಎರಡೂ ಸೇರಿದ ಗುಣಾಂಕವನ್ನು ಒರಟಾಗಿ 1 ಅಂತ ಹಿಡಿದೆವು. 600 ಚದರ ಅಡಿ ಅಂದ್ರೆ 55.7 ಚದರ ಮೀಟರ್. ಗುಣಿಸಿ ನೋಡಿ: 3.7 ಟನ್ ಮೇಲಕ್ಕೆ! ಚಾವಣಿಯ ಸ್ವಂತ ತೂಕ 0.7 ಟನ್ ಕಳೆದರೂ 3 ಟನ್ ಉಳೀತು. ಎಂಟರಿಂದ ಭಾಗಿಸಿದರೆ ಸರಾಸರಿ ಒಂದು ಕಂಬವನ್ನು 375 ಕೆಜಿ ಬಲ ಮೇಲಕ್ಕೆ ಎಳೀತಾ ಇದೆ. ಮಧ್ಯದ ಕಂಬಗಳ ಪಾಲು ಇನ್ನೂ ಜಾಸ್ತಿ, 500ರ ಹತ್ತಿರ.

ಅಂದ್ರೆ ಹಗುರ ಶೆಡ್ಡಿನ ಕಂಬ ಚಾವಣಿಯನ್ನು ಎತ್ತಿ ಹಿಡಿಯೋದು ಸಣ್ಣ ಕೆಲಸ. ಹಾರಿ ಹೋಗದಂತೆ ಹಿಡಿದುಕೊಳ್ಳೋದು ದೊಡ್ಡ ಕೆಲಸ. ಈ ಲೆಕ್ಕ ನೋಡಿದ ಮೇಲೆ ಶುಂಠಿ ಹೊಲದಲ್ಲಿ ಬಿದ್ದಿದ್ದ ಕಂಬಗಳ ಮೇಲೆ ನಮಗೆ ಕನಿಕರ ಬಂತು.

ಇನ್ನೊಂದು, ಪಕ್ಕದಿಂದ ತಳ್ಳುವ ಬಲ. ಗಾಳಿ ಮೇಲಿನ ತುದಿಯನ್ನು ತಳ್ಳಿದರೆ ಕಂಬ ನೆಲದೊಳಗೆ ಒಂದು ಬಿಂದುವಿನ ಸುತ್ತ ತಿರುಗೋಕೆ ನೋಡುತ್ತೆ. ಮೇಲ್ಭಾಗದ ಮಣ್ಣು ಒಂದು ಕಡೆ ಒತ್ತುತ್ತೆ, ತಳದ ಮಣ್ಣು ಎದುರು ಕಡೆ ಒತ್ತುತ್ತೆ. ಇದನ್ನು 1964ರಲ್ಲಿ ಬೆಂಗ್ಟ್ ಬ್ರಾಮ್ಸ್ ಅನ್ನುವ ಸ್ವೀಡನ್ನಿನ ಎಂಜಿನಿಯರ್ ಪೈಲುಗಳಿಗಾಗಿ ಸೂತ್ರ ಮಾಡಿಟ್ಟರು. ಸೀನಿಯರ್‌ಗಳ ನೋಟ್ಸಿನಲ್ಲಿ ಸಿಕ್ಕಿತು. ಮರಳಿನಂಥ ಮಣ್ಣಿನಲ್ಲಿ ಗಿಡ್ಡ ಕಂಬ ತಡೆಯುವ ಬಲ ಆಳದ ಘನಕ್ಕೆ ಅನುಪಾತದಲ್ಲಿರುತ್ತೆ. ಅದನ್ನು ಆಳ ಮತ್ತು ನೆಲದಿಂದ ಬಲ ಬೀಳುವ ಎತ್ತರ, ಎರಡರ ಮೊತ್ತದಿಂದ ಭಾಗಿಸಬೇಕು. ನಮ್ಮ ಶೆಡ್ಡಿನಲ್ಲಿ ಆ ಎತ್ತರ 8 ಅಡಿ. ಆಳ 2 ಅಡಿ ಇದ್ದರೆ 8 ಭಾಗಿಸು 10, ಅಂದ್ರೆ 0.8. ಆಳ 3 ಅಡಿ ಮಾಡಿದರೆ 27 ಭಾಗಿಸು 11, ಅಂದ್ರೆ 2.45. ಒಂದೇ ಒಂದು ಅಡಿ ಹೆಚ್ಚು ತೋಡಿದ್ದಕ್ಕೆ ಬಲ ಮೂರು ಪಟ್ಟು. ಅದೇ ಗುಂಡಿಯ ಅಗಲವನ್ನು ದುಪ್ಪಟ್ಟು ಮಾಡಿ ಪೂರ್ತಿ ಕಾಂಕ್ರೀಟ್ ತುಂಬಿದರೂ ಬಲ ದುಪ್ಪಟ್ಟಾಗುತ್ತೆ ಅಷ್ಟೇ, ಕಾಂಕ್ರೀಟಿನ ಖರ್ಚು ಮಾತ್ರ ನಾಲ್ಕು ಪಟ್ಟು.

ನಾವು ಇದನ್ನೆಲ್ಲ ಪೇಪರ್ ಮೇಲೆ ಬರೆದು ಖುಷಿ ಪಡ್ತಾ ಇದ್ದಾಗ ಗೆಳೆಯನ ತಾತ ಜಗುಲಿಯಿಂದಲೇ ಹೇಳಿದರು: “ಅಗ್ಲ ತೋಡ್ಬ್ಯಾಡಿ ಕಣ್ರಪ್ಪ, ಆಳ ತೋಡಿ. ಅಗ್ಲ ಮಾಡುದ್ರೆ ಕಂಬ ನಿಂತ್ಕಳಲ್ಲ, ಮನಿಕತದೆ.” ಬ್ರಾಮ್ಸ್ ಅವರ ಸೂತ್ರ ಒಂದೇ ಉಸಿರಿನಲ್ಲಿ ಮುಗೀತು.

ಕರೆಂಟು ಕಂಬ ನೆಡೋರದ್ದು ಬೇರೆ ನಿಯಮ: ಉದ್ದದ ಆರನೇ ಒಂದು ಭಾಗ ನೆಲದಲ್ಲಿ. 9 ಮೀಟರ್ ಕಂಬಕ್ಕೆ ಒಂದೂವರೆ ಮೀಟರ್. ಅದನ್ನೇ ಶೆಡ್ಡಿಗೂ ಹಚ್ಚಿದರೆ ನಮ್ಮ 11 ಅಡಿ ಕಂಬಕ್ಕೆ ಎರಡಡಿಗೂ ಕಮ್ಮಿ ಬರುತ್ತೆ. ಆದರೆ ಕರೆಂಟು ಕಂಬ ಹೊರೋದು ತಂತಿಯನ್ನು, ಶೆಡ್ಡಿನ ಕಂಬ ಹೊರೋದು ಹಾಯಿಯನ್ನು. ತಂತಿ ಎಳೆಯುವ ಕಡೆ ಕರೆಂಟಿನವರು ಸ್ಟೇ ತಂತಿಯನ್ನೂ ಕಟ್ಟಿರ್ತಾರೆ. ಹಾಗಾಗಿ ಆ ನಿಯಮವನ್ನು ಇಲ್ಲಿಗೆ ತರಬೇಡಿ. ನಾವು ಗುಂಡಿಗೆ ಮೂರೂವರೆ ಅಡಿ ಅಂತ ತೀರ್ಮಾನ ಮಾಡಿದೆವು. ಅಗಲ 14 ಇಂಚು. ಕಂಬದ ದಪ್ಪ 6 ಇಂಚು, ಸುತ್ತಲೂ 4 ಇಂಚು ಜಾಗ, ಮಣ್ಣು ಕುಟ್ಟೋಕೆ ಗಡಾರಿ ಆಡುವಷ್ಟು.

ಗುರುತು ಹಾಕೋದು ಸುಲಭ, ಬೇಗ ಹೇಳಿ ಮುಗಿಸ್ತೀವಿ. ಗೂಟ, ದಾರ, ಟೇಪು, ಸುಣ್ಣದ ಪುಡಿ. ಮೂಲೆಗೆ 3-4-5 ತ್ರಿಕೋನ. ಸಣ್ಣದಾಗಿ ಮಾಡಿದರೆ ತಪ್ಪು ಜಾಸ್ತಿ ಅಂತ 9-12-15 ಅಡಿ ಹಿಡಿದೆವು. ಕೊನೆಗೆ ಎರಡೂ ಕರ್ಣ ಅಳೆಯಿರಿ. 20ಕ್ಕೆ 30ರ ಆಯತಕ್ಕೆ ಕರ್ಣ 36 ಅಡಿ ಮುಕ್ಕಾಲು ಇಂಚು ಬರಬೇಕು, ಎರಡೂ ಒಂದೇ ಇರಬೇಕು. ಗುಂಡಿ ತೋಡಲು ಶುರು ಮಾಡಿದ ಕೂಡಲೇ ಮಧ್ಯದ ಗೂಟ ಹೋಗುತ್ತೆ, ಅದಕ್ಕೇ ಪ್ರತಿ ಸಾಲಿಗೂ ಎರಡು ತುದಿಯಲ್ಲಿ ಮೂರಡಿ ಆಚೆ ಇನ್ನೊಂದು ಗೂಟ ಹೊಡೆದಿಡಿ. ದಾರ ಮತ್ತೆ ಕಟ್ಟಿದರೆ ಸಾಲು ಸಿಗುತ್ತೆ. ತೋಡೋಕೆ ಮೊದಲು ಇನ್ನೊಂದು ಕೆಲಸ: ಬೋರ್‌ವೆಲ್ಲಿನ ಪೈಪು, ಮೋಟಾರಿನ ಕೇಬಲ್ಲು ನೆಲದೊಳಗೆ ಎಲ್ಲಿ ಹೋಗಿದೆ ಅಂತ ಮನೆಯವರನ್ನು ಕೇಳಿ. ಹಳ್ಳಿ ಮನೆಯಲ್ಲಿ ಇದರ ನಕ್ಷೆ ಇರೋದು ಅಮ್ಮಂದಿರ ತಲೆಯಲ್ಲಿ.

ಇನ್ನು ತೋಡೋದು. ಗುದ್ದಲಿ ಮೊದಲ ಒಂದಡಿಗೆ ಮಾತ್ರ. ಅದರ ಕೆಳಗೆ ಗುದ್ದಲಿ ಬೀಸೋಕೆ ಜಾಗ ಇಲ್ಲ, ಬೀಸಬೇಕು ಅಂದ್ರೆ ಗುಂಡಿ ಅಗಲ ಮಾಡಬೇಕು, ಅಲ್ಲಿಗೆ ಆಟ ಮುಗೀತು. ಒಂದಡಿ ಆದ ಮೇಲೆ ಗಡಾರಿಯದ್ದೇ ಕೆಲಸ. ನೇರ ನಿಂತು, ಎರಡೂ ಕೈಯಲ್ಲಿ ಗಡಾರಿಯನ್ನು ಎತ್ತಿ ಬಿಡೋದು. ಬಲ ಹಾಕಿ ಚುಚ್ಚೋದಲ್ಲ. ಅದರ ತೂಕವೇ ಕೆಲಸ ಮಾಡಬೇಕು. ಮೊದಲು ಮಧ್ಯದಲ್ಲಿ ಸಡಿಲ ಮಾಡಿ, ಆಮೇಲೆ ಅಂಚಿನಿಂದ ಒಳಕ್ಕೆ ಕೆತ್ತುತ್ತಾ ಬಂದರೆ ಗೋಡೆ ನೆಟ್ಟಗಿರುತ್ತೆ. ಸಡಿಲಾದ ಮಣ್ಣು ತೆಗೆಯೋಕೆ ಮೊದಲು ಸಣ್ಣ ಡಬ್ಬ, ಎರಡಡಿ ದಾಟಿದ ಮೇಲೆ ತೆಂಗಿನ ಚಿಪ್ಪು. ನೆಲದ ಮೇಲೆ ಅಂಗಾತ, ಅಲ್ಲಲ್ಲ, ಬೋರಲು ಮಲಗಿ, ಭುಜದ ತನಕ ಕೈ ಇಳಿಸಿ ಚಿಪ್ಪಿನಲ್ಲಿ ಬಾಚಬೇಕು. ಮೂರೂವರೆ ಅಡಿ ಅನ್ನೋದು ಕೈಯ ಅಳತೆಗೆ ಆಚೆ ಹೋಗುತ್ತೆ. ಕೊನೆಯ ಅರ್ಧ ಅಡಿಗೆ ಚಿಪ್ಪನ್ನು ಕೋಲಿಗೆ ಕಟ್ಟಿಕೊಂಡೆವು.

ಈ ಭಾಗದ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು ನೂರೆ ಗೆಣಸು ಅಗೆಯೋದು ಹೀಗೇ. ಆ ಗೆಣಸು ನೇರ ಕೆಳಕ್ಕೆ ಇಳಿದಿರುತ್ತೆ, ಅಗಲ ತೋಡಿದರೆ ದಿನವೆಲ್ಲ ಹೋಗುತ್ತೆ. ಅದಕ್ಕೇ ಚೂಪು ಕೋಲಿನಲ್ಲಿ ಸಡಿಲ ಮಾಡಿ, ಕೈಯಲ್ಲಿ ಮಣ್ಣು ತೆಗೆದು, ಕಿರಿದಾದ ಆಳದ ಗುಂಡಿ ಮಾಡ್ತಾರೆ. ಬೇಲಿ ಕಂಬ ನೆಡುವ ಕೆಲಸಕ್ಕೆ ಹೋಗುವ ಒಬ್ಬ ಅಣ್ಣ ನಮ್ಮ ಎರಡನೇ ಗುಂಡಿಯ ಹತ್ತಿರ ನಿಂತು ನೋಡಿ, ಗಡಾರಿ ಈಸಿಕೊಂಡು, ಹತ್ತು ನಿಮಿಷ ತೋಡಿ ತೋರಿಸಿದರು. ಗುಂಡಿಯ ಗೋಡೆ ಪೈಪಿನ ಒಳಮೈಯಂತೆ ಇತ್ತು. “ಮಣ್ಣ್ ಕದಲಿಸ್ಬಾರ್ದು, ನಿಮ್ಗ್ ಬೇಕಾದಷ್ಟ್ ಮಾತ್ರ ತಗೀಬೇಕು” ಅಂದರು. ಮೊದಲ ದಿನ ಒಂದು ಗುಂಡಿಗೆ ಎರಡು ಗಂಟೆ ಹಿಡಿದದ್ದು ಮೂರನೇ ದಿನ ಮುಕ್ಕಾಲು ಗಂಟೆಗೆ ಬಂತು. ಅಂಗೈ ಬೊಬ್ಬೆಗಳ ಲೆಕ್ಕ ಬೇರೆ ಇದೆ.

ಆ ಅಣ್ಣ ಹೇಳಿದ್ದು ಇಡೀ ವಿಷಯದ ತಿರುಳು. ಮುಟ್ಟದ ಮಣ್ಣು ಸಾವಿರಾರು ವರ್ಷ ಮಳೆ, ಬಿಸಿಲು, ತನ್ನದೇ ಭಾರದಲ್ಲಿ ಕೂತು ಗಟ್ಟಿಯಾಗಿದೆ. ಒಮ್ಮೆ ಅಗೆದ ಮಣ್ಣನ್ನು ನಾವು ಎಷ್ಟೇ ಕುಟ್ಟಿದರೂ ಅದನ್ನು ಮೊದಲಿನಂತೆ ಮಾಡೋದು ಕಷ್ಟ. ಕಂಬವನ್ನು ಹಿಡಿದುಕೊಳ್ಳುವ ಬಲ ಆ ಮುಟ್ಟದ ಮಣ್ಣಿನ ಗೋಡೆಯಿಂದ ಬರುತ್ತೆ. ಜೆಸಿಬಿ ಬಕೆಟ್ಟು ಮೊದಲು ಹಾಳು ಮಾಡೋದೇ ಆ ಗೋಡೆಯನ್ನು. ಮೂರಡಿ ಉದ್ದ, ಅಗಲ, ಆಳದ ಗುಂಡಿಯಿಂದ 27 ಘನ ಅಡಿ ಮಣ್ಣು ಹೊರಗೆ ಬರುತ್ತೆ. ನಮ್ಮ 14 ಇಂಚಿನ ಗುಂಡಿಯಿಂದ ನಾಲ್ಕು ಘನ ಅಡಿಗೂ ಕಮ್ಮಿ. ಜೆಸಿಬಿ ಹತ್ತು ನಿಮಿಷದಲ್ಲಿ ಮುಗಿಸುತ್ತೆ ನಿಜ, ಆದರೆ ಅದು ತೋಡೋದು ತೊಟ್ಟಿ. ಪೆಟ್ರೋಲಿನ ಆಗರ್ ಬಾಡಿಗೆಗೆ ಸಿಕ್ಕರೆ ತಗೊಳ್ಳಿ, ಅದು ಕಿರಿದಾಗಿ, ನೆಟ್ಟಗೆ ಕೊರೆಯುತ್ತೆ. ಕಲ್ಲು ಸಿಕ್ಕಾಗ ಮಾತ್ರ ಹಿಡಿಕೆ ತಿರುಗಿ ಮಣಿಕಟ್ಟಿಗೆ ಬಡಿಯುತ್ತೆ, ಇಬ್ಬರು ಹಿಡೀಬೇಕು. ನಮ್ಮ ಜಾಗದಲ್ಲಿ ಕಲ್ಲು ಜಾಸ್ತಿ ಅಂತ ತಾತ ಮೊದಲೇ ಹೇಳಿದ್ದರಿಂದ ಗಡಾರಿಯನ್ನೇ ನಂಬಿದೆವು.

ಎಂಟು ಗುಂಡಿಯಲ್ಲೂ ಒಂದೇ ಮಣ್ಣು ಇರಲಿಲ್ಲ ಅನ್ನೋದು ನಮಗೆ ಕುತೂಹಲ ತಂದ ಸಂಗತಿ. ಮೂವತ್ತು ಅಡಿಯೊಳಗೇ! ಮೇಲಿನ ಸಾಲಿನಲ್ಲಿ ಕೆಂಪು ಮಣ್ಣು, ಎರಡಡಿ ಕೆಳಗೆ ಗರಸು. ಗರಸು ತೋಡೋಕೆ ಪ್ರಾಣ ತಿನ್ನುತ್ತೆ, ಕಂಬಕ್ಕೆ ಮಾತ್ರ ಅದಕ್ಕಿಂತ ಒಳ್ಳೇದು ಇಲ್ಲ. ತಗ್ಗಿನ ಸಾಲಿನ ಕೊನೆಯ ಎರಡು ಗುಂಡಿಯಲ್ಲಿ ಕಪ್ಪಗಿನ ಜಿಗುಟು ಮಣ್ಣು, ಹಿಂದೆ ಅಲ್ಲಿ ಸಣ್ಣ ಕಟ್ಟೆ ಇತ್ತಂತೆ. ಇಂಥ ಮಣ್ಣು ಮಳೆಯಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿದು ಕಂಬದಿಂದ ದೂರ ಸರಿಯುತ್ತೆ. ಆ ಎರಡನ್ನು ಇನ್ನೂ ಒಂದಡಿ ಇಳಿಸಿ ಗಟ್ಟಿ ನೆಲ ಸಿಕ್ಕ ಮೇಲೆ ನಿಲ್ಲಿಸಿದೆವು. ಅವೆರಡಕ್ಕೆ ಉದ್ದದ ಕಂಬ ಆರಿಸಿಟ್ಟೆವು. ಕಾಗದದ ಮೇಲೆ ಎಂಟೂ ಸಪೋರ್ಟು ಒಂದೇ ಥರ ಇರುತ್ತವೆ, ನೆಲದಲ್ಲಿ ಹಾಗಿಲ್ಲ. ಮೊದಲೇ ಎಲ್ಲ ಕಂಬವನ್ನೂ ಒಂದೇ ಅಳತೆಗೆ ಕೊಯ್ಸಬೇಡಿ. ನೆಟ್ಟ ಮೇಲೆ ಟ್ಯೂಬಿನಲ್ಲಿ ನೀರು ತುಂಬಿ ಮಟ್ಟ ನೋಡಿ ತಲೆ ಕೊಯ್ಯೋದು ವಾಸಿ.

ತೋಡುವ ಕಾಲವೂ ಮುಖ್ಯ. ಜನವರಿಯಲ್ಲಿ ಮೇಲಿನ ಅರ್ಧ ಅಡಿ ಒಣಗಿದ್ದರೂ ಕೆಳಗೆ ತೇವ ಇರುತ್ತೆ, ಗಡಾರಿ ಇಳಿಯುತ್ತೆ. ಏಪ್ರಿಲಿಗೆ ಅದೇ ಕೆಂಪು ನೆಲ ಇಟ್ಟಿಗೆಯಾಗಿರುತ್ತೆ. ಮಳೆಗಾಲದಲ್ಲಿ ಗುಂಡಿ ತೋಡಿದರೆ ಬಾವಿಯಾಗುತ್ತೆ.

ಕಂಬದ ಮರದ ವಿಷಯಕ್ಕೆ ಬಂದರೆ ಹುಣಸೂರಿನ ಟಿಂಬರ್ ಡಿಪೋಗಳ ಕಡೆ ಹೋದಾಗ ಎಲ್ಲರೂ ತೇಗ ಅಂತಾರೆ, ಬೆಲೆ ಕೇಳಿ ನಾವು ವಾಪಸ್ ಬಂದೆವು. ಕಲ್ಲುಕಂಬ ಇನ್ನೊಂದು ದಾರಿ. ಗೆದ್ದಲು ಹಿಡಿಯಲ್ಲ, ಕೊಳೆಯಲ್ಲ. ಆದರೆ ಕಲ್ಲು ಒತ್ತಡಕ್ಕೆ ಗಟ್ಟಿ, ಬಾಗೋದಕ್ಕೆ ಅಲ್ಲ. ಹಸು ಉಜ್ಜಿದರೆ ಏನೂ ಆಗಲ್ಲ, ಟ್ರ್ಯಾಕ್ಟರ್ ತಾಗಿದರೆ ನೆಲದ ಮಟ್ಟದಲ್ಲಿ ಟಪ್ ಅಂತ ತುಂಡಾಗುತ್ತೆ. ಮೇಲೆ ಚೌಕಟ್ಟು ಬಿಗಿಯೋದೂ ಕಷ್ಟ. ಕೊನೆಗೆ ಹೊಲದ ಬದುವಿನಲ್ಲೇ ಇದ್ದ ಬಲಿತ ನೀಲಗಿರಿ. ತೊಗಟೆ ಸುಲಿದು ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಿಟ್ಟಿದ್ದರು.

ಮರದ ಕಂಬ ಕೊಳೆಯೋದು ತಳದಲ್ಲಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮೊದಲು ಕೊಳೆಯೋದು ನೆಲದ ಮಟ್ಟದ ಹತ್ತಿರ, ಒಂದು ಗೇಣು ಮೇಲೆ ಕೆಳಗೆ. ಕೊಳೆಸುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಆಳದಲ್ಲಿ ಗಾಳಿ ಇಲ್ಲ, ಮೇಲೆ ನೀರು ನಿಲ್ಲಲ್ಲ. ಎರಡೂ ಸಿಗೋದು ಆ ಒಂದು ಗೇಣಿನಲ್ಲಿ. ದುರದೃಷ್ಟಕ್ಕೆ ಬಾಗುವ ಮೊಮೆಂಟು ಜಾಸ್ತಿ ಇರೋದೂ ಅಲ್ಲೇ ಹತ್ತಿರ. ಅದಕ್ಕೇ ಟಾರು ಬಳಿಯೋದಿದ್ದರೆ ತಳಕ್ಕೆ ಮಾತ್ರ ಬಳಿದು ಬಿಡಬೇಡಿ, ನೆಲದಿಂದ ಒಂದಡಿ ಮೇಲಿನ ತನಕ ಬಳಿಯಿರಿ. ಬುಡ ಸುಟ್ಟು ಕರಕು ಮಾಡುವ ಹಳೇ ಪದ್ಧತಿ ಇದೆ. ಅದು ಮೇಲ್ಪದರಕ್ಕೆ ಮಾತ್ರ ರಕ್ಷಣೆ. ಮರ ಒಣಗಿ ಸೀಳು ಬಿಟ್ಟರೆ ಗೆದ್ದಲು ಆ ಸಂದಿಯಲ್ಲಿ ಒಳಗೆ ಹೋಗುತ್ತೆ. ಸುಟ್ಟ ಮೇಲೂ ಟಾರು ಬಳಿಯೋದು ಬಿಡಬಾರದು.

ಜಪಾನಿನ ಇಸೆ ದೇಗುಲದ ಕಂಬಗಳನ್ನು ಇವತ್ತಿಗೂ ಅಡಿಪಾಯದ ಕಲ್ಲಿಲ್ಲದೆ ನೇರ ನೆಲದಲ್ಲೇ ಹೂಳ್ತಾರೆ. ಕೊಳೆಯುತ್ತೆ ಅಂತ ಅವರಿಗೂ ಗೊತ್ತು. ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಪೂರ್ತಿ ಹೊಸದಾಗಿ ಕಟ್ತಾರೆ, 2013ರಲ್ಲಿ ಆಗಿದ್ದು 62ನೇ ಸಲ. ಹೂತ ಕಂಬದ ಆಯಸ್ಸನ್ನು ಒಪ್ಪಿಕೊಂಡು ಅದನ್ನೇ ಹಬ್ಬ ಮಾಡಿಕೊಂಡಿದ್ದಾರೆ. ಹನಗೋಡಿನ ನೀಲಗಿರಿ ಇಪ್ಪತ್ತು ವರ್ಷ ಬಂದರೆ ನಮ್ಮ ಗೆಳೆಯನ ಅಪ್ಪನೂ ಹಬ್ಬ ಮಾಡ್ತಾರೆ.

ಈಗ ತುಂಬುವ ಕೆಲಸ. ತಳಕ್ಕೆ ನಾಲ್ಕು ಇಂಚು ಜಲ್ಲಿ ಹಾಕಿ ಕುಟ್ಟಿದೆವು. ಕಂಬದ ತುದಿ ಈ ಜಲ್ಲಿಯ ಮೇಲೇ ಕೂರಬೇಕು. ಕಾಂಕ್ರೀಟಿನ ಬಟ್ಟಲೊಳಗೆ ಮರ ಇಟ್ಟರೆ ಮರ ಒಣಗಿ ಕುಗ್ಗಿದಾಗ ಸುತ್ತ ಸಂದಿ ಬಿಡುತ್ತೆ, ಅದರಲ್ಲಿ ಇಳಿದ ನೀರಿಗೆ ಹೋಗೋಕೆ ದಾರಿ ಇರಲ್ಲ. ಜಲ್ಲಿ ಇದ್ದರೆ ನೀರು ಕೆಳಗೆ ಬಸಿದು ಹೋಗುತ್ತೆ. ಕಂಬದ ಕೆಳಭಾಗದಲ್ಲಿ ಅಡ್ಡಡ್ಡ ಎರಡು ತೂತು ಕೊರೆದು ಹತ್ತು ಇಂಚಿನ ಕಂಬಿ ತೂರಿಸಿದ್ದೆವು, ಒಂದಕ್ಕೊಂದು ಎದುರು ದಿಕ್ಕಿನಲ್ಲಿ. ಇದು ಮೂಲಂಗಿಗೆ ಬೇರು ಕಟ್ಟುವ ಕೆಲಸ. ಜಲ್ಲಿಯ ಮೇಲೆ ಒಂದೂವರೆ ಅಡಿ ಕಾಂಕ್ರೀಟು, ಕಂಬಿಗಳು ಅದರೊಳಗೆ ಮುಳುಗಿರಬೇಕು. ಅದರ ಮೇಲೆ ಗರಸು ಮಣ್ಣು. ತಳದ ಹತ್ತಿರ ಗುಂಡಿಯನ್ನು ಸುತ್ತಲೂ ಎರಡು ಇಂಚು ಒಳಕ್ಕೆ ಕೆತ್ತಿ ಮಡಕೆ ಹೊಟ್ಟೆಯಂತೆ ಅಗಲ ಮಾಡಿದ್ದೆವು. ಗುಂಡಿಯಲ್ಲಿ ಅಗಲ ಬೇಕಾದ ಜಾಗ ಅದೊಂದೇ.

ಇದು 375 ಕೆಜಿ ತಡೆಯುತ್ತಾ? ಕಾಂಕ್ರೀಟಿನ ತೂಕ ಸುಮಾರು 90 ಕೆಜಿ, ಅದರ ಮೇಲಿನ ಮಣ್ಣು 70ರ ಹತ್ತಿರ. ಒಟ್ಟು 160. ತೂಕವನ್ನೇ ನಂಬಿದರೆ ಶೆಡ್ಡು ಮತ್ತೆ ಶುಂಠಿ ಹೊಲಕ್ಕೆ ಹೋಗುತ್ತೆ. ಉಳಿದದ್ದು ಗೋಡೆಯ ಹಿಡಿತ. ಗುಂಡಿಯ ಸುತ್ತಲಿನ ಗೋಡೆ ಸುಮಾರು ಒಂದು ಚದರ ಮೀಟರ್. ಘರ್ಷಣೆಯನ್ನು ಹುಷಾರಾಗಿ ಚದರ ಮೀಟರಿಗೆ 5 ಕಿಲೋನ್ಯೂಟನ್ ಅಂತ ಹಿಡಿದರೂ 500 ಕೆಜಿ ಬಂತು. ಎರಡೂ ಸೇರಿ 660. ಮಡಕೆ ಹೊಟ್ಟೆಯ ಲಾಭ ಬೇರೆ. ಮಧ್ಯದ ಕಂಬಗಳ 500ಕ್ಕೂ ಸಾಲುತ್ತೆ. ನೋಡಿ, ಮುಕ್ಕಾಲು ಪಾಲು ಬಲ ಕೊಡ್ತಿರೋದು ಸಿಮೆಂಟಲ್ಲ, ಗೋಡೆ. ಈ ಬಲ ಬರಬೇಕು ಅಂದ್ರೆ ಕಾಂಕ್ರೀಟನ್ನು ಒರಟು ಮಣ್ಣಿಗೇ ತಾಗಿಸಿ ಹಾಕಬೇಕು. ಪ್ಲಾಸ್ಟಿಕ್ ಪೈಪಿನ ತುಂಡು ಇಳಿಸಿ ಅದರೊಳಗೆ ಅಂದವಾಗಿ ಸುರಿಯುವ ವಿಡಿಯೋಗಳು ಬರ್ತವೆ. ಅಂದವಾಗಿರುತ್ತೆ, ಜಾರಿಕೊಂಡು ಬರುತ್ತೆ. ಕಾಂಕ್ರೀಟ್ ಹಾಕೋಕೆ ಮೊದಲು ಗೋಡೆಗೆ ನೀರು ಚಿಮುಕಿಸಿ, ಇಲ್ಲದಿದ್ದರೆ ಒಣ ಮಣ್ಣು ಕಾಂಕ್ರೀಟಿನ ನೀರನ್ನು ಹೀರಿಬಿಡುತ್ತೆ.

ಮೇಲಿನ ಗರಸನ್ನು ಆರಾರು ಇಂಚಿನ ಪದರವಾಗಿ ಹಾಕಿ ಗಡಾರಿಯ ಮೊಂಡು ತುದಿಯಲ್ಲಿ ಕುಟ್ಟಬೇಕು. ಪದರಕ್ಕೆ ಪದರ. ಎರಡಡಿ ಒಟ್ಟಿಗೆ ಸುರಿದು ಮೇಲೆ ಕುಣಿದರೆ ಗಟ್ಟಿಯಾಗೋದು ಮೇಲಿನ ನಾಲ್ಕು ಇಂಚು ಮಾತ್ರ. ಮಣ್ಣು ಎಷ್ಟು ಒದ್ದೆ ಇರಬೇಕು? ಪ್ರಾಕ್ಟರ್ ಟೆಸ್ಟ್ ಮಾಡುವ ಸೀನಿಯರ್‌ಗಳನ್ನು ಲ್ಯಾಬಿನಲ್ಲಿ ನೋಡಿರ್ತೀರಿ. ಕ್ಯಾಲಿಫೋರ್ನಿಯಾದ ರಾಲ್ಫ್ ಪ್ರಾಕ್ಟರ್ 1933ರಲ್ಲಿ ಬರೆದದ್ದರ ಸಾರ ಇಷ್ಟೇ: ಪ್ರತಿ ಮಣ್ಣಿಗೂ ಒಂದು ಹದದ ತೇವ ಇದೆ, ಆಗ ಕುಟ್ಟಿದರೆ ಅತಿ ಗಟ್ಟಿಯಾಗುತ್ತೆ. ಕಮ್ಮಿ ಇದ್ದರೆ ಕಣಗಳು ಜಾರಿ ಕೂರಲ್ಲ, ಜಾಸ್ತಿ ಇದ್ದರೆ ನೀರೇ ಜಾಗ ಹಿಡಿದಿರುತ್ತೆ. ಹನಗೋಡಿನ ಪ್ರಾಕ್ಟರ್ ಟೆಸ್ಟ್ ಹೀಗೆ: ಒಂದು ಹಿಡಿ ಮಣ್ಣು ಹಿಸುಕಿ. ಉಂಡೆ ಕಟ್ಟಬೇಕು, ಅಂಗೈಗೆ ನೀರು ಅಂಟಬಾರದು. ಎದೆಯೆತ್ತರದಿಂದ ಬಿಟ್ಟರೆ ಎರಡು ಮೂರು ಹೋಳಾಗಬೇಕು. ಪುಡಿಪುಡಿ ಆದರೆ ನೀರು ಚಿಮುಕಿಸಿ, ಚಪ್ಪಟೆ ಆದರೆ ಬಿಸಿಲಿಗೆ ಹರಡಿ. ಸರಿಯಾಗಿ ಕುಟ್ಟಿದ್ದೀವಾ ಅಂತ ಕಿವಿಯಲ್ಲೂ ಗೊತ್ತಾಗುತ್ತೆ. ‘ದಬ್ ದಬ್’ ಅನ್ನೋ ಸದ್ದು ‘ಟಣ್ ಟಣ್’ ಕಡೆಗೆ ತಿರುಗಿದರೆ ಮುಂದಿನ ಪದರಕ್ಕೆ ಹೋಗಬಹುದು.

ಕುಟ್ಟುವಾಗ ಕಂಬ ಓರೆಯಾಗುತ್ತೆ, ಅದಕ್ಕೆ ಎರಡು ದಿಕ್ಕಿನಿಂದ ಊರೆಗೋಲು ಕೊಟ್ಟು, ದಾರಕ್ಕೆ ತೂಕದ ಗುಂಡು ಕಟ್ಟಿ ಎರಡು ಕಡೆಯಿಂದ ನೋಡ್ತಾ ಇರಬೇಕು. ಕೊನೆಯಲ್ಲಿ ಕಂಬದ ಸುತ್ತ ಮಣ್ಣನ್ನು ನೆಲಕ್ಕಿಂತ ಎರಡು ಮೂರು ಇಂಚು ಎತ್ತರಿಸಿ ಹೊರಕ್ಕೆ ಇಳಿಜಾರು ಮಾಡಿ. ಶೀಟಿನ ನೀರು ಕಂಬದ ಬುಡಕ್ಕೆ ಬೀಳದ ಹಾಗೆ ಚಾವಣಿ ಒಂದೂವರೆ ಅಡಿ ಮುಂದಕ್ಕೆ ಚಾಚಿರಲಿ. ನೆನೆದು ತುಂಬಿಕೊಂಡ ಮಣ್ಣಿನ ಹಿಡಿತ ಒಣ ಮಣ್ಣಿಗಿಂತ ತುಂಬಾ ಕಮ್ಮಿ, ಗಾಳಿ ಬರೋದು ಮಳೆಯ ಜೊತೆಗೇ. ಹಾಗೇ, ನೆಲದಲ್ಲಿ ಇಷ್ಟೆಲ್ಲ ಮಾಡಿ ಮೇಲೆ ಕಂಬಕ್ಕೂ ಚೌಕಟ್ಟಿಗೂ ಎರಡು ಮೊಳೆ ಹೊಡೆದು ಬಿಟ್ಟರೆ ಕಂಬ ಉಳಿದು ಚಾವಣಿ ಹೋಗುತ್ತೆ. ಕಬ್ಬಿಣದ ಪಟ್ಟಿ, ಆರಪಾರ ಬೋಲ್ಟು ಹಾಕಿಸಿ.

ಒಂದು ಕೊನೇ ವಿಷಯ, ಇದನ್ನು ಯಾವ ವಿಡಿಯೋದಲ್ಲೂ ಹೇಳಲ್ಲ. ಮೂರು ದಿನದ ಕೆಲಸ ಅಂದ್ರೆ ಎರಡು ರಾತ್ರಿ ಗುಂಡಿಗಳು ಬಾಯಿ ತೆರೆದುಕೊಂಡಿರ್ತವೆ. 14 ಇಂಚು ಅಂದ್ರೆ ಕರುವಿನ ಕಾಲಿಗೆ, ಅಂಬೆಗಾಲಿಡುವ ಮಗುವಿಗೆ, ಕತ್ತಲಲ್ಲಿ ನೀರು ಬಿಡೋಕೆ ಹೋಗುವ ದೊಡ್ಡವರಿಗೂ ಸಾಕು. ಹಲಗೆ ಮುಚ್ಚಿ, ಮೇಲೆ ಒಬ್ಬರೇ ಎತ್ತಲಾಗದಂಥ ಕಲ್ಲಿಡಿ. ಬರೀ ಗೋಣಿಚೀಲ ಮುಚ್ಚೋದು ಇನ್ನೂ ಅಪಾಯ, ಗುಂಡಿ ಕಾಣದ ಹಾಗೆ ಮಾಡುತ್ತೆ ಅಷ್ಟೇ. ಬೆಳಿಗ್ಗೆ ಕೈ ಇಳಿಸೋಕೆ ಮೊದಲು ಟಾರ್ಚ್ ಬಿಟ್ಟು ನೋಡಿ. ಎರಡನೇ ಬೆಳಿಗ್ಗೆ ಆರನೇ ಗುಂಡಿಯಲ್ಲಿ ದಪ್ಪನೆಯ ಕಪ್ಪೆ ಕೂತಿತ್ತು. ಕಪ್ಪೆ ಇರುವಲ್ಲಿಗೆ ಹಾವೂ ಬರಬಹುದು ಅಂತ ಅಮ್ಮ ಎಚ್ಚರಿಸಿದ ಮೇಲೆ ಚಿಪ್ಪನ್ನು ಕೋಲಿಗೆ ಕಟ್ಟೋ ಕೆಲಸ ಎರಡನೇ ಅಡಿಯಿಂದಲೇ ಶುರುವಾಯ್ತು.

ಕಾಂಕ್ರೀಟಿಗೆ ಕನಿಷ್ಠ ಏಳು ದಿನ ಕೊಟ್ಟು ಆಮೇಲೆ ಚೌಕಟ್ಟು ಏರಿಸಿ ಅಂತ ಹೇಳಿ, ಊರೆಗೋಲು ಹಾಗೇ ಬಿಟ್ಟು ಬಸ್ ಹತ್ತಿದೆವು. ಶೀಟು ಮಾರ್ಚ್ ಮೊದಲ ವಾರ ಬರುತ್ತಂತೆ, ಗಾಳಿಮಳೆಗೆ ಒಂದು ತಿಂಗಳು ಮೊದಲು.